ಇನ್ನೊಂದೇ ಒಂದು ರಾಡು

ನಮ್ಮ ಕೋಲಾರದ ಕಡೆ ಹೊಸ ಮನೆ ಕಟ್ಟಿಸುವವರನ್ನು ಯಾರೂ ಎಷ್ಟು ರೂಮು ಅಂತ ಕೇಳುವುದಿಲ್ಲ. ‘ಎಷ್ಟಡಿಗೆ ನೀರು ಬಿತ್ತು?’ ಅಂತಾರೆ. ಸಾವಿರ ಅಂದರೆ ಪುಣ್ಯವಂತರು ಅಂತ ಲೆಕ್ಕ. ವರ್ಷಪೂರ್ತಿ ಹರಿಯುವ ಹೊಳೆ ಜಿಲ್ಲೆಯಲ್ಲಿ ಒಂದೂ ಇಲ್ಲ. ಕೆಳಗೆ ಬರೀ ಗಟ್ಟಿ ಕಲ್ಲು. ನೀರಿದ್ದರೆ ಆ ಕಲ್ಲಿನ ಬಿರುಕಿನಲ್ಲಿರಬೇಕು, ನಮ್ಮ ಬೋರ್‌ವೆಲ್ಲಿನ ಆರೂವರೆ ಇಂಚಿನ ತೂತು ಸರಿಯಾಗಿ ಅದಕ್ಕೇ ತಾಗಬೇಕು. ಕೆಜಿಎಫ್‌ನಲ್ಲಿ ಚಿನ್ನಕ್ಕೋಸ್ಕರ ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಇಳಿದಿದ್ದರು. 2001ರಲ್ಲಿ ಗಣಿ ಮುಚ್ಚಿತು. ಕೊರೆಯುವ ಚಟ ಮಾತ್ರ ಜಿಲ್ಲೆಗೆ ಉಳಿಯಿತು.

ಎಲ್ಲಿ ಕೊರೆದರೆ ನೀರು ಸಿಗುತ್ತೆ ಅಂತ ಪಾಯಿಂಟ್ ನೋಡಲು ಬಂದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸೈಟೆಲ್ಲ ಓಡಾಡಿದರು. ಕಾಯಿ ಎದ್ದು ನಿಂತಿದ್ದು ಅಡುಗೆಮನೆ ಬರಬೇಕಾದ ಜಾಗದಲ್ಲಿ. ‘ಸ್ವಲ್ಪ ಆಚೆ ನಿಲ್ಲಬಾರದಾ?’ ಅಂದಳು ನನ್ನ ಹೆಂಡತಿ. ಕಾಯಿ ಒಪ್ಪಲಿಲ್ಲ. ಅಡುಗೆಮನೆಯೇ ಆಚೆ ಹೋಯಿತು.

ಬೆಳಗ್ಗೆ ತಮಿಳುನಾಡು ನಂಬರಿನ ಬೋರ್ ಲಾರಿ ಬಂತು. ಮೊದಲ ಮುನ್ನೂರು ಅಡಿಗೆ ಒಂದು ರೇಟು. ಆಮೇಲೆ ನೂರಡಿಗೊಂದು ಸಲ ರೇಟು ಏರುತ್ತೆ. ಮೇಲಿನ ಮಣ್ಣು ತೂತಿನೊಳಗೆ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪಿನ ದುಡ್ಡು ಬೇರೆ. ಎಲ್ಲ ಅಂಗಡಿಯಲ್ಲೂ ಜಾಸ್ತಿ ಕೊಂಡರೆ ರಿಯಾಯಿತಿ ಕೊಡುತ್ತಾರೆ ಅಲ್ವಾ? ಇಲ್ಲಿ ಜಾಸ್ತಿ ಕೊರೆಸಿದವನಿಗೇ ಜಾಸ್ತಿ ಬರೆ.

ನೀರು ಬೀಳುವವರೆಗೆ ಮೇಲೆ ಬರುವುದು ಕಲ್ಲಿನ ಪುಡಿ. ಎದುರುಮನೆಯವರ ಹಪ್ಪಳದ ಮೇಲೆಲ್ಲ ಅದೇ. ನಮ್ಮ ಮಾವ ಕಾಂಪೌಂಡಿನ ಪಕ್ಕ ಕುರ್ಚಿ ಹಾಕಿಕೊಂಡು, ರಾಡಿಗೊಂದರಂತೆ ಗೋಡೆ ಮೇಲೆ ಇದ್ದಿಲಿನಲ್ಲಿ ಗೀಟು ಎಳೆಯುತ್ತಾ ಕೂತರು. ಕೊರೆಯಲು ಒಂದಕ್ಕೊಂದು ಜೋಡಿಸಿ ಇಳಿಸುವ ರಾಡು ಒಂದೊಂದೂ ಇಪ್ಪತ್ತಡಿ. ಲಾರಿ ಕರೆಸಿದ ಏಜೆಂಟನ ಮೇಲೆ ಅವರಿಗೆ ನಂಬಿಕೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿ ಹಿಟ್ಟಿನ ಗಿರಣಿಯಿಂದ ಎದ್ದುಬಂದವರ ಹಾಗೆ ಕಾಣುತ್ತಿದ್ದರು.

ಎಂಟುನೂರು ದಾಟಿತು. ಬರೀ ಪುಡಿ. ‘ನಿಲ್ಲಿಸೋಣ’ ಅಂದೆ. ಸುತ್ತ ನಿಂತವರಲ್ಲಿ ಒಬ್ಬರು, ‘ಇನ್ನೊಂದೇ ಒಂದು ರಾಡು ಹಾಕಿಸಿ ಸಾರ್, ಕಲ್ಲು ಬಣ್ಣ ತಿರುಗಿದೆ’ ಅಂದರು. ಹೀಗೆ ಹೇಳುವವರಲ್ಲಿ ದುಡ್ಡು ಕೊಡುವವರು ಯಾರೂ ಇರುವುದಿಲ್ಲ. ಹಾಲು ಹಾಕುವ ಹುಡುಗ ಕೂಡ ಸೈಕಲ್ಲಿನಿಂದ ಇಳಿಯದೆಯೇ ಒಂದು ರಾಡು ಹಾಕಿಸಿ ಹೋದ.

ಸಾವಿರದ ನೂರರ ಹತ್ತಿರ ಪುಡಿ ಕೆಸರಾಯಿತು, ಆಮೇಲೆ ನೀರು ಚಿಮ್ಮಿತು. ‘ಎರಡಿಂಚು ಗ್ಯಾರಂಟಿ!’ ಅಂದ ಏಜೆಂಟ್. ‘ವಿ’ ಆಕಾರದ ಕಚ್ಚಿರುವ ತಗಡು ಇಟ್ಟು ಅಳೆದರೆ ಒಂದೇ ಇಂಚು. ‘ಅರ್ಧ ಆದರೂ ಬಂತಲ್ಲಪ್ಪ’ ಅಂದರು ಮಾವ. ಅರ್ಧ ಎಲ್ಲಿ ಬಂತು? ಕಚ್ಚಿನಲ್ಲಿ ನೀರಿನ ಎತ್ತರ ಎರಡರಷ್ಟಾದರೆ ಹರಿಯುವ ನೀರು ಐದೂವರೆ ಪಟ್ಟಿಗೂ ಜಾಸ್ತಿ. ಎರಡಿಂಚು ಅಂದರೆ ಗಂಟೆಗೆ ಹತ್ತಿರ ಹತ್ತಿರ 2,900 ಲೀಟರ್, ಒಂದಿಂಚು ಅಂದರೆ ಬರೀ 500. ಮನೆಗೆ ಸಾಕು, ಬಿಡಿ. ಇದನ್ನು ಮಾವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಪಕ್ಕದ ಮನೆಯವರು ಓಡಿ ಬಂದರು.

‘ಸಾರ್, ನಮ್ಮ ಬೋರಿನಿಂದ ಬುಸ್ ಅಂತ ಗಾಳಿ ಬರ್ತಿದೆ. ನಲ್ಲೀಲಿ ರಾಡಿ!’

ಕೆಳಗಿನ ಬಿರುಕು ಎರಡೂ ಮನೆಗೆ ಒಂದೇ. ಪುಡಿಯನ್ನು ಮೇಲೆ ತಳ್ಳಲು ನಮ್ಮ ಲಾರಿ ಊದುತ್ತಿದ್ದ ಕಾಂಪ್ರೆಸರ್ ಗಾಳಿ ಅದರೊಳಗೆ ಹಾದು ಅವರ ಮನೆಯಲ್ಲಿ ಎದ್ದಿತ್ತು. ಅಂದರೆ ನಾನು ಅಷ್ಟು ದುಡ್ಡು ಸುರಿದು ಕೊರೆಸಿದ್ದು ಅವರ ನೀರನ್ನೇ. ಅವರಿಗೂ ಅದು ಹೊಳೆಯಿತು, ಮುಖ ಕೆಂಪಾಯಿತು.

ಏಜೆಂಟ್ ನಡುವೆ ಬಂದ. ‘ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮದು ಒಂಬೈನೂರೇ ಅಲ್ವಾ? ಲಾರಿ ಹೇಗೂ ಇಲ್ಲೇ ಇದೆ, ಇನ್ನೊಂದು ಮುನ್ನೂರು ಇಳಿಸಿಬಿಡೋಣ. ರೇಟಲ್ಲಿ ನೋಡಿ ಮಾಡ್ತೀನಿ.’

ಸಂಜೆಗೆ ಅವರ ಮೋಟರು ಮೇಲೆ ಬಂತು, ಲಾರಿ ಅವರ ಗೇಟಿಗೆ ತಿರುಗಿತು. ಮಾವ ಇದ್ದಿಲು ತೆಗೆದುಕೊಂಡು ಆ ಕಡೆಯ ಗೋಡೆಗೆ ಹೋದರು.