ಇಸಿಎಂ ಹೋಗಿದೆ ಎಂದವರಿಂದ ಮೊದಲು ಪುರಾವೆ ಕೇಳಿ

"ಇಸಿಎಂ ಹೋಗಿದೆ ಸರ್, ಹೊಸದು ಹಾಕಬೇಕು." ಲಾರಿಯಾಗಲಿ, ಎಸ್‌ಯುವಿಯಾಗಲಿ, ಸ್ಟಾರ್ಟ್ ಆಗದೆ ನಿಂತ ಗಾಡಿಯ ಮುಂದೆ ಈ ಮಾತು ಈಗ ಬಹಳ ಸಲೀಸಾಗಿ ಬರುತ್ತಿದೆ. ಕೇಳಿದವರು ಬೆದರಿ ಅಂದಾಜು ಪಟ್ಟಿಗೆ ಸಹಿ ಹಾಕಿಬಿಡುತ್ತಾರೆ. ಇಂಜಿನ್ ಕಂಟ್ರೋಲ್ ಮಾಡ್ಯೂಲ್ ಎಂಬ, ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಇರುವ ಆ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಏನಿದೆ ಎಂದು ನಮಗೆ ಗೊತ್ತಿಲ್ಲ, ಸ್ಕ್ಯಾನರ್ ಇರುವುದು ಅವರ ಕೈಯಲ್ಲಿ, ಇನ್ನೇನು ಮಾಡಲು ಸಾಧ್ಯ ಎಂದುಕೊಳ್ಳುತ್ತೇವೆ. ಸಾಧ್ಯವಿದೆ. ಹಾಗೆ ಹೇಳಿದವರಿಂದ ಪುರಾವೆ ಕೇಳಬಹುದು. ಪುರಾವೆ ಇಲ್ಲದೆ ಇಸಿಎಂ ಬದಲಿಸುವುದನ್ನು ದುರಸ್ತಿ ಎಂದು ನಾನು ಒಪ್ಪುವುದಿಲ್ಲ. ಅದು ನಮ್ಮ ದುಡ್ಡಿನಲ್ಲಿ ಅವರು ಆಡುವ ಜೂಜು.

ಪೀಣ್ಯದಿಂದ ಹೊಸೂರಿನ ಕಡೆಗೆ ಸರಕು ಸಾಗಿಸುವ ಲಾರಿಗಳನ್ನು ನಂಬಿ ನನ್ನ ಸಂಸಾರ ನಡೆಯುತ್ತಿದೆ. ಲಾರಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಆ ಅವಸರದಲ್ಲಿ ಮಾಲೀಕ "ಏನಾದರೂ ಹಾಕಿ, ಗಾಡಿ ಹೊರಡಿಸಿ" ಎನ್ನುತ್ತಾನೆಂಬುದು ಎದುರಿಗಿರುವವರಿಗೂ ಚೆನ್ನಾಗಿ ಗೊತ್ತು.

ಇಸಿಎಂ ಸುಲಭಕ್ಕೆ ಸಾಯುವ ಭಾಗವಲ್ಲ. ಇಂಜಿನ್ನಿನ ಬಿಸಿಯನ್ನೂ ನಮ್ಮ ರಸ್ತೆಗುಂಡಿಗಳ ಕುಲುಕಾಟವನ್ನೂ ವರ್ಷಗಟ್ಟಲೆ ತಡೆದುಕೊಳ್ಳಲೆಂದೇ ಅದನ್ನು ತಯಾರಿಸಿರುತ್ತಾರೆ. ಅದರ ಸುತ್ತಲಿನ ವೈರು, ವೈರುಗಳನ್ನು ಕೂಡಿಸುವ ಕಪ್ಲರ್, ಫ್ಯೂಸ್, ರಿಲೇ, ಅರ್ತ್ ಬೋಲ್ಟ್, ಸೆನ್ಸಾರ್‌ಗಳು ಅದಕ್ಕಿಂತ ಎಷ್ಟೋ ಮೊದಲು ಕೈಕೊಡುತ್ತವೆ. ಇವುಗಳಲ್ಲಿ ಒಂದು ಕೆಟ್ಟರೂ ದೂರು ದಾಖಲಾಗುವುದು ಮಾತ್ರ ಇಸಿಎಂನಲ್ಲಿ. ಸ್ಕ್ಯಾನರ್ ಓದುವುದು ಆ ದೂರನ್ನು. ದೂರು ಬರೆದುಕೊಂಡವನನ್ನೇ ಅಪರಾಧಿ ಮಾಡಿದರೆ ಹೇಗೆ?

ನಮ್ಮ ಲಾರಿಯೊಂದರಲ್ಲಿ ಹೀಗೇ ಆಯಿತು. ನೆಲಮಂಗಲದ ಹತ್ತಿರ ನಿಂತ ಗಾಡಿಯನ್ನು ಎಳೆಸಿಕೊಂಡು ಬಂದೆವು. ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಎದ್ದೇಳುವುದಿಲ್ಲ. ಸರ್ವೀಸ್ ಸೆಂಟರಿನವರು ಸ್ಕ್ಯಾನರ್ ಹಾಕಿ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲದ ಸೆನ್ಸಾರ್‌ಗಳ ಕೋಡ್‌ಗಳು ಸಾಲಾಗಿ ಬಂದವು. "ಇಷ್ಟೊಂದು ಸೆನ್ಸಾರ್ ಒಟ್ಟಿಗೇ ಹೋಗಲು ಸಾಧ್ಯವಿಲ್ಲ, ಆದ್ದರಿಂದ ಇಸಿಎಂ ಹೋಗಿದೆ" ಎಂದರು. ಮೊದಲರ್ಧ ಸರಿಯಾದ ಮಾತು. ಎರಡನೆಯರ್ಧಕ್ಕೆ ಆಧಾರವೇ ಇರಲಿಲ್ಲ. ಅಂದಾಜು ಪಟ್ಟಿ ಲಕ್ಷ ದಾಟಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ "ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಹಿಂಪಡೆಯುವುದಿಲ್ಲ" ಎಂದಿತ್ತು. ಅಂದರೆ ಹೊಸದು ಹಾಕಿದ ಮೇಲೂ ಗಾಡಿ ಸ್ಟಾರ್ಟ್ ಆಗದಿದ್ದರೆ ಆ ನಷ್ಟ ನನ್ನದೇ.

ನಾನು ಸಹಿ ಹಾಕಲಿಲ್ಲ. ಯಶವಂತಪುರದ ಟ್ರಕ್ ಟರ್ಮಿನಲ್ ಕಡೆ ಕೆಲಸ ಮಾಡುವ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಕ್ಯಾಬಿನ್ ಎತ್ತಿಸಿ, ಒಂದು ಸೆನ್ಸಾರಿನ ಕಪ್ಲರ್ ಬಿಚ್ಚಿ, ಮಲ್ಟಿಮೀಟರಿನ ಕಡ್ಡಿಗಳನ್ನು ಅದರ ಪಿನ್ನುಗಳಿಗೆ ಹಿಡಿದರು. 5 ವೋಲ್ಟ್ ಇರಬೇಕಾದ ಜಾಗದಲ್ಲಿ 1 ವೋಲ್ಟ್ ಕೂಡ ಇರಲಿಲ್ಲ. "ಅಣ್ಣಾ, ಮೀಟರ್ ನೋಡುತ್ತಿರಿ" ಎಂದು ನನ್ನ ಕೈಗೆ ಕೊಟ್ಟು, ಉಳಿದ ಸೆನ್ಸಾರ್‌ಗಳ ಕಪ್ಲರ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋದರು. ಅಂಕಿ ಅಲುಗಲಿಲ್ಲ. ಟರ್ಬೊದಿಂದ ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಪ್ರೆಶರ್ ಸೆನ್ಸಾರಿನ ಕಪ್ಲರ್ ಕಿತ್ತ ಕ್ಷಣ ಮೀಟರ್ 5ಕ್ಕೆ ಹಾರಿತು. ಮತ್ತೆ ಸಿಕ್ಕಿಸಿದರು, ಬಿತ್ತು. ಕಿತ್ತರು, ಎದ್ದಿತು. "ಬಾಕ್ಸ್ ಚೆನ್ನಾಗಿದೆ ಅಣ್ಣಾ, ಈ ಸೆನ್ಸಾರ್ ಒಳಗೇ ಶಾರ್ಟ್ ಆಗಿದೆ" ಎಂದರು.

ಸಂಗತಿ ಇಷ್ಟೇ. ಇಸಿಎಂ ಹಲವು ಸೆನ್ಸಾರ್‌ಗಳಿಗೆ ಒಂದೇ 5 ವೋಲ್ಟಿನ ಲೈನಿನಿಂದ ವಿದ್ಯುತ್ ಹಂಚುತ್ತದೆ. ಬೀದಿಯ ಒಂದೇ ಪೈಪಿನಿಂದ ಐದು ಮನೆಗೆ ನೀರು ಹೋಗುತ್ತಿರುವಾಗ ಒಂದು ಮನೆಯಲ್ಲಿ ನಲ್ಲಿ ಒಡೆದರೆ ಉಳಿದ ನಾಲ್ವರಿಗೂ ನೀರು ಬರುವುದಿಲ್ಲ. ಅದಕ್ಕೆ ಯಾರೂ ಟ್ಯಾಂಕನ್ನು ಕೆಡವಿ ಹೊಸದು ಕಟ್ಟಿಸುವುದಿಲ್ಲ. ಶಾರ್ಟ್ ಆದಾಗ ಆ ಲೈನಿನ ಕರೆಂಟನ್ನು ಮಿತಿಗೊಳಿಸಿ ತನ್ನನ್ನು ಕಾಪಾಡಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿ ಇಸಿಎಂ ಒಳಗೇ ಇರುತ್ತದೆ. ನಮ್ಮ ಪೆಟ್ಟಿಗೆ ಅದನ್ನೇ ಮಾಡುತ್ತಿತ್ತು. ಸತ್ತಿದೆ ಎಂದು ಸರ್ವೀಸ್ ಸೆಂಟರಿನವರು ಸಾರಿದ್ದು ಆ ಪೆಟ್ಟಿಗೆಯನ್ನೇ. ಜೆ.ಸಿ. ರಸ್ತೆಯಿಂದ ಸೆನ್ಸಾರ್ ತಂದು ಹಾಕಿದ ಸಂಜೆಯೇ ಲಾರಿ ಲೋಡಿಗೆ ಹೋಯಿತು.

ಆ ಪರೀಕ್ಷೆಗೆ ಬೇಕಾದದ್ದು ಒಂದು ಮೀಟರ್ ಮತ್ತು ಸ್ವಲ್ಪ ತಾಳ್ಮೆ. ಅಷ್ಟು ದೊಡ್ಡ ಕಟ್ಟಡ, ಹವಾನಿಯಂತ್ರಿತ ಕೋಣೆ, ಕಾಫಿ ಯಂತ್ರ ಇರುವ ಜಾಗದಲ್ಲಿ ಇದನ್ನು ಮಾಡಲಿಲ್ಲ ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಹಾಗಾದರೆ ಏನನ್ನು ಕೇಳಬೇಕು? ಇಸಿಎಂಗೆ ಬರುವ ಪವರ್ ಮತ್ತು ಅರ್ತ್ ಎರಡನ್ನೂ ಲೋಡ್ ಹಾಕಿ, ಅಂದರೆ ಕರೆಂಟ್ ಎಳೆಯುವ ಬಲ್ಬಿನಂತಹದ್ದನ್ನು ಜೋಡಿಸಿ, ನೋಡಿದ್ದೀರಾ ಎಂದು ಕೇಳಿ. ಲೋಡ್ ಹಾಕುವುದೇ ಇಲ್ಲಿ ಮುಖ್ಯ. ಒಂದೇ ಎಳೆ ಉಳಿದಿರುವ ತಂತಿ ಕೂಡ ಬರೀ ಮೀಟರಿಗೆ ಪೂರ್ತಿ 24 ವೋಲ್ಟ್ ತೋರಿಸುತ್ತದೆ. ಅದಕ್ಕೆ ಹೆಡ್‌ಲೈಟಿನ ಬಲ್ಬ್ ಜೋಡಿಸಿದರೆ ಬಲ್ಬ್ ಮಿಣುಕುತ್ತದಷ್ಟೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಎಷ್ಟಕ್ಕೆ ಇಳಿಯಿತು ಎಂಬುದನ್ನೂ ಬರೆಸಿಕೊಳ್ಳಿ. 12 ವೋಲ್ಟಿನ ಎಸ್‌ಯುವಿಯಲ್ಲಿ ಅದು 9.6ಕ್ಕಿಂತ ಕೆಳಗೆ ಹೋದರೆ ಮೊದಲು ಬ್ಯಾಟರಿಯನ್ನೂ ಅದರ ಕೇಬಲ್‌ಗಳನ್ನೂ ನೋಡಬೇಕು. ಸ್ಕ್ಯಾನರಿಗೆ ಇಸಿಎಂ ಉತ್ತರವನ್ನೇ ಕೊಡುತ್ತಿಲ್ಲ ಎಂದಾದರೆ ಗಾಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಒಂದರೊಡನೊಂದು ಮಾತಾಡುವ ಕ್ಯಾನ್ ಲೈನಿನ ಎರಡು ತಂತಿಗಳ ನಡುವಿನ ಓಮ್ ಎಷ್ಟೆಂದು ಕೇಳಿ. ಆ ಲೈನಿನ ಎರಡು ತುದಿಗಳಲ್ಲಿ 120 ಓಮ್‌ನ ತಲಾ ಒಂದು ರೆಸಿಸ್ಟರ್ ಇರುತ್ತದೆ, ಬ್ಯಾಟರಿ ಬಿಚ್ಚಿ ಅಳೆದರೆ 60ರ ಆಸುಪಾಸು ಬರಬೇಕು. 120 ಬಂದರೆ ಎಲ್ಲೋ ತಂತಿ ಕಡಿದಿರುವ ಸಾಧ್ಯತೆ ಹೆಚ್ಚು. ನಮ್ಮ ಊರಿನ ಇಲಿಗಳು ವೈರು ಕಡಿಯುವುದರಲ್ಲಿ ಎಷ್ಟು ನಿಪುಣವೆಂದು ಮರದಡಿ ಕಾರು ನಿಲ್ಲಿಸುವ ಎಲ್ಲರಿಗೂ ಗೊತ್ತು. ಇವೆಲ್ಲ ಸರಿಯಿದ್ದು, ಪಿ0606ರಂತಹ ಪ್ರೊಸೆಸರ್ ದೋಷದ ಕೋಡ್ ಅಳಿಸಿದ ಕೂಡಲೇ ಮತ್ತೆ ಬರುತ್ತಿದ್ದರೆ ಆಗ ಇಸಿಎಂ ಮೇಲೆ ಬೆರಳು ತೋರಿಸಲಿ.

ಇಸಿಎಂ ನಿಜವಾಗಿ ಸಾಯುವುದೂ ಉಂಟು. ನೀರು ಅದರ ದೊಡ್ಡ ಶತ್ರು. 2022ರ ಸೆಪ್ಟೆಂಬರ್ 5ರ ಬೆಳಗಿನ ವೇಳೆಗೆ ಬೆಂಗಳೂರಿನಲ್ಲಿ ಒಂದೇ ರಾತ್ರಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ ಮುಳುಗಿದ್ದು ನೆನಪಿರಬಹುದು. ಸರ್ಜಾಪುರ ರಸ್ತೆಯಲ್ಲಿರುವ ನಮ್ಮ ಭಾವನ ಡೀಸೆಲ್ ಎಸ್‌ಯುವಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಾನೆಟ್ ಮಟ್ಟ ನೀರಿನಲ್ಲಿ ನಿಂತಿತ್ತು. ಅದರ ಇಸಿಎಂ ಕಪ್ಲರ್ ಬಿಚ್ಚಿದಾಗ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು, ಎರಡು ಪಿನ್ನು ಕಪ್ಲರಿನೊಳಗೇ ಮುರಿದು ಉಳಿದವು. ಅದನ್ನು ನೋಡಿದ ಮೇಲೆ ಯಾರೂ ವಾದ ಮಾಡಲಿಲ್ಲ. ಲಾರಿಗಳಲ್ಲಿ ಇನ್ನೊಂದು ಕಾರಣವಿದೆ: ಬ್ಯಾಟರಿ ಮತ್ತು ಇಸಿಎಂ ಕಪ್ಲರ್ ಬಿಚ್ಚದೆ ಲಾರಿಯ ಬಾಡಿಯ ಮೇಲೆ ವೆಲ್ಡಿಂಗ್ ಹೊಡೆಯುವುದು. ವೆಲ್ಡಿಂಗ್ ಅಂಗಡಿಯವರಿಗೆ ಇದನ್ನು ಪ್ರತಿ ಸಲವೂ ನಾವೇ ನಿಂತು ಹೇಳಬೇಕು.

ನಿಜವಾಗಿ ಬದಲಿಸಬೇಕಾದಾಗ ಎದುರಾಗುವ ಗೋಡೆಯ ಬಗ್ಗೆಯೂ ಹೇಳಲೇಬೇಕು. ಹೊಸ ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಕೂರಿಸುವುದು ಅರ್ಧ ಗಂಟೆಯ ಕೆಲಸ. ಆ ಮೇಲೆ ಅದಕ್ಕೆ ಆ ಗಾಡಿಯ ಚಾಸಿ ನಂಬರ್ ಬರೆಯಬೇಕು, ಸರಿಯಾದ ಕೀಲಿ ಇಲ್ಲದೆ ಇಂಜಿನ್ ಎದ್ದೇಳದಂತೆ ತಡೆಯುವ ಇಮ್ಮೊಬಿಲೈಸರಿಗೆ ಕೀಲಿಯ ಗುರುತು ಕಲಿಸಬೇಕು, ಡೀಸೆಲ್ ಸಿಂಪಡಿಸುವ ಪ್ರತಿ ಇಂಜೆಕ್ಟರಿನ ಮೇಲೆ ಕೆತ್ತಿರುವ ಕೋಡನ್ನು ಒಂದೊಂದಾಗಿ ತುಂಬಬೇಕು. ಇಂಜೆಕ್ಟರ್ ಕೋಡ್ ತಪ್ಪಿದರೆ ಇಂಜಿನ್ ಒರಟಾಗಿ ಓಡಿ ಹೊಗೆ ಉಗುಳುತ್ತದೆ. ಭಾವನ ಗಾಡಿಯಲ್ಲಿ ಇಷ್ಟನ್ನೂ ಮಾಡಬಲ್ಲ ಹುಡುಗ ಕಲಾಸಿಪಾಳ್ಯದಲ್ಲೇ ಸಿಕ್ಕಿದ. ಆದರೆ ಕಂಪನಿಯ ಸರ್ವರಿಗೆ ಲಾಗಿನ್ ಆಗದೆ ಇಮ್ಮೊಬಿಲೈಸರ್ ಜೋಡಿಸುವ ಹಾಗಿಲ್ಲ, ಲಾಗಿನ್ ಅವನಿಗೆ ಕೊಡುವುದಿಲ್ಲ. ಅಧಿಕೃತ ಸೆಂಟರಿನವರು ತಮ್ಮಲ್ಲಿ ಕೊಂಡ ಪೆಟ್ಟಿಗೆಯಾದರೆ ಮಾತ್ರ ಪ್ರೋಗ್ರಾಂ ಮಾಡುತ್ತೇವೆ ಎಂದರು. ಅಕ್ಕ ಎರಡೂ ಕಡೆ ಅಲೆದು ಸಾಕಾಗಿ ಅವರು ಕೇಳಿದಷ್ಟು ಕೊಟ್ಟಳು.

ಇದು ತಂತ್ರಜ್ಞಾನದ ಮಿತಿಯಲ್ಲ, ಬೇಕೆಂದೇ ಹಾಕಿದ ಬೀಗ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲೇ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದೇ ಅವುಗಳ ಮೇಲಿದ್ದ ಆರೋಪ. ಆದೇಶದ ವಿರುದ್ಧ ಮೇಲ್ಮನವಿಗಳಾದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಆದರೆ ಅಕ್ಕನಿಗೆ ಬೇಕಿದ್ದದ್ದು ಪೋರ್ಟಲ್ ಅಲ್ಲ, ಒಂದು ಲಾಗಿನ್. ಎಲ್ಲರಿಗೂ ಕೊಟ್ಟರೆ ಕಳ್ಳರಿಗೆ ಅನುಕೂಲವಾಗುತ್ತದೆ ಎಂಬ ಕಂಪನಿಗಳ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೂ ಪರಿಹಾರವಿದೆ. ಅಮೆರಿಕದಲ್ಲಿ ಹಿನ್ನೆಲೆ ಪರಿಶೀಲಿಸಿ ನೋಂದಾಯಿಸಿದ ಸ್ವತಂತ್ರ ತಂತ್ರಜ್ಞರಿಗೆ ಕೀಲಿ ಮತ್ತು ಇಮ್ಮೊಬಿಲೈಸರ್ ಸಂಕೇತಗಳನ್ನು ಕೊಡುವ ವ್ಯವಸ್ಥೆ ನಡೆಯುತ್ತಿದೆ. ಈಗ ಬಾಷ್ ಎಂದು ಕರೆಸಿಕೊಳ್ಳುವ, ವಾಹನಗಳ ಬಿಡಿಭಾಗ ತಯಾರಿಸುವ ಮೈಕೋ ಬೆಳೆದ ಊರು ನಮ್ಮದು. ಜಗತ್ತಿನ ಎಷ್ಟೋ ಗಾಡಿಗಳ ಇಸಿಎಂ ತಂತ್ರಾಂಶಕ್ಕೆ ಇಲ್ಲಿನ ಇಂಜಿನಿಯರ್‌ಗಳು ದುಡಿಯುತ್ತಾರೆ. ಅದೇ ಊರಿನ ಕಲಾಸಿಪಾಳ್ಯದ ಹುಡುಗನಿಗೆ, ಹೆಸರು ನೋಂದಾಯಿಸಿ ಶುಲ್ಕ ಕಟ್ಟಿಸಿಕೊಂಡಾದರೂ ಸರಿ, ಆ ಬಾಗಿಲು ತೆರೆಯಲೇಬೇಕು.

ಬದಲಿಸಲು ಒಪ್ಪುವವರಿಗೆ ಇನ್ನೆರಡು ಮಾತು. ಹಳೆಯದು ಏಕೆ ಸುಟ್ಟಿತೆಂದು ತಿಳಿಯದೆ ಹೊಸದಕ್ಕೆ ಕರೆಂಟ್ ಕೊಡಲು ಬಿಡಬೇಡಿ. ಶಾರ್ಟ್ ಆದ ಇಂಜೆಕ್ಟರ್ ಅಥವಾ ಸೊಲೆನಾಯ್ಡ್ (ಕರೆಂಟಿನಿಂದ ಚಲಿಸುವ ಸುರುಳಿ) ಹಾಗೇ ಉಳಿದಿದ್ದರೆ ಹೊಸ ಪೆಟ್ಟಿಗೆಯನ್ನೂ ಸುಡುತ್ತದೆ. ಹಳೆಯ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಅಲ್ಲೇ ಬಿಟ್ಟು ಬರಬೇಡಿ. ಕೀಲಿಯ ಗುರುತು, ಇಂಜೆಕ್ಟರ್ ಕೋಡುಗಳು ಅದರ ಮೆಮೊರಿಯಲ್ಲಿರುತ್ತವೆ. ಮೆಮೊರಿ ಓದಲು ಬರುವಷ್ಟು ಜೀವ ಉಳಿದಿದ್ದರೆ, ಅದೇ ಪಾರ್ಟ್ ನಂಬರಿನ ಇನ್ನೊಂದು ಪೆಟ್ಟಿಗೆಗೆ ಅದನ್ನು ನಕಲು ಮಾಡಿಕೊಡಬಲ್ಲವರು ನಗರದಲ್ಲಿದ್ದಾರೆ.