ಸುವಾರ್ತೆಗಳು ಬರಹಕ್ಕೆ ಇಳಿದ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳೋಣ

ಈಸ್ಟರ್ ಹತ್ತಿರ ಬಂತು ಅಂದರೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡಲು ಶುರುವಾಗುತ್ತದೆ. ಕಾನ್‌ಸ್ಟಂಟೈನ್ ಅನ್ನುವ ರೋಮಿನ ಚಕ್ರವರ್ತಿ ಕ್ರಿ.ಶ. 325ರಲ್ಲಿ ನೈಸೀಯಾ ಊರಿನಲ್ಲಿ ಬಿಷಪ್‌ಗಳನ್ನು ಸೇರಿಸಿದನಂತೆ, ಯೇಸುಸ್ವಾಮಿಯ ಬದುಕು, ಬೋಧನೆ ಹೇಳುವ ರಾಶಿ ಸುವಾರ್ತೆಗಳಲ್ಲಿ ತನಗೆ ಬೇಕಾದ ನಾಲ್ಕನ್ನು ಆರಿಸಿದನಂತೆ, ಮಿಕ್ಕಿದ್ದನ್ನು ಸುಡಿಸಿದನಂತೆ. ಓದಿದ ಹುಡುಗರು ಗಾಬರಿಯಾಗಿ ಕೇಳುತ್ತಾರೆ, ಇದು ನಿಜಾನಾ ಅಂತ. ಅವರಿಗೆ ಉತ್ತರ ಕೊಡಲು ನಮ್ಮ ಸಭೆಗಳ, ಅಂದರೆ ಚರ್ಚುಗಳ, ಹತ್ತಿರ ಇರುವುದು ಇನ್ನೊಂದು ಸುಲಭದ ಕಥೆ. ನಾಲ್ಕು ಜನ ಯೇಸುಸ್ವಾಮಿಯ ಜೊತೆಗೇ ಇದ್ದು, ಕಂಡದ್ದನ್ನೂ ಕೇಳಿದ್ದನ್ನೂ ಆಗಲೇ ಬರೆದಿಟ್ಟರು ಅನ್ನೋದು.

ಎರಡೂ ನಿಜವಲ್ಲ. ನಾನು ವಿಶ್ವಾಸಿ, ಭಾನುವಾರ ಆರಾಧನೆ ತಪ್ಪಿಸುವವನಲ್ಲ. ಆ ಜಾಗದಲ್ಲಿ ನಿಂತೇ ಹೇಳುತ್ತಿದ್ದೇನೆ. ಸುವಾರ್ತೆಗಳು ನಿಜವಾಗಿ ಹೇಗೆ ಬರಹಕ್ಕೆ ಇಳಿದವು ಅನ್ನೋದನ್ನು ನಾವೇ ನಮ್ಮ ಮಕ್ಕಳಿಗೆ ಹೇಳಬೇಕು, ಪೂರ್ತಿಯಾಗಿ ಹೇಳಬೇಕು.

ಮೊದಲು ನೈಸೀಯಾ ವಿಷಯ ಮುಗಿಸಿಬಿಡೋಣ. ಅಲ್ಲಿ ಚರ್ಚೆಯಾಗಿದ್ದು ಅರಿಯಸ್ ಅನ್ನುವವನ ಬೋಧನೆ, ಅಂದರೆ ಮಗನಾದ ಯೇಸು ತಂದೆಯಾದ ದೇವರಿಗೆ ಸಮಾನನೋ ಅಲ್ಲವೋ ಅನ್ನುವ ಪ್ರಶ್ನೆ. ಜೊತೆಗೆ ಈಸ್ಟರ್ ಯಾವಾಗ ಆಚರಿಸಬೇಕು ಅನ್ನೋದು. ಆ ಸಭೆ ಮಾಡಿದ 20 ನಿಯಮಗಳು ಇವತ್ತಿಗೂ ಸಿಗುತ್ತವೆ. ಯಾವ ಸುವಾರ್ತೆ ಸೇರಬೇಕು ಅನ್ನುವ ಮಾತು ಅವುಗಳಲ್ಲಿ ಒಂದರಲ್ಲೂ ಇಲ್ಲ. ಅದಕ್ಕೂ ಸುಮಾರು 145 ವರ್ಷ ಮೊದಲೇ, 180ರ ಆಸುಪಾಸಿನಲ್ಲಿ, ಲಿಯೋನ್ ಊರಿನ ಬಿಷಪ್ ಐರೇನಿಯಸ್ ಸುವಾರ್ತೆಗಳು ನಾಲ್ಕೇ ಅಂತ ವಾದ ಮಾಡಿ, ಮತ್ತಾಯ, ಮಾರ್ಕ, ಲೂಕ, ಯೋಹಾನ ಅಂತ ನಾಲ್ಕರ ಹೆಸರನ್ನೂ ಬರೆದಿದ್ದಾನೆ. ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿರುವ ಮೂರನೇ ಶತಮಾನದ ಒಂದು ಪಪೈರಸ್ ಪುಸ್ತಕದಲ್ಲಿ ಈ ನಾಲ್ಕೂ ‘ಅಪೊಸ್ತಲರ ಕೃತ್ಯಗಳು’ ಅನ್ನುವ ಪುಸ್ತಕದ ಜೊತೆಗೆ ಒಟ್ಟಿಗೇ ಇದ್ದವು. ಕಾನ್‌ಸ್ಟಂಟೈನ್ ಆರಿಸಲು ಏನೂ ಬಾಕಿ ಇರಲಿಲ್ಲ.

ನಮ್ಮ ಸಭೆಗಳ ಸುಲಭದ ಕಥೆಗೆ ಉತ್ತರ ಹೇಳುವವನು ಲೂಕನೇ. ಅವನ ಸುವಾರ್ತೆಯ ಮೊದಲ ನಾಲ್ಕು ವಚನ ತೆಗೆದು ನೋಡಿ. ಈಗಾಗಲೇ ಬಹಳ ಜನ ಈ ಸಂಗತಿಗಳನ್ನು ಬರೆಯಲು ಕೈ ಹಾಕಿದ್ದಾರೆ, ಮೊದಲಿನಿಂದ ಕಣ್ಣಾರೆ ಕಂಡವರು ನಮಗೆ ಒಪ್ಪಿಸಿದ ಪ್ರಕಾರ ಬರೆದಿದ್ದಾರೆ, ನಾನೂ ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಅನ್ನುತ್ತಾನೆ. ಅಂದರೆ ತಾನು ಕಣ್ಣಾರೆ ಕಂಡವನಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ. ತನಗಿಂತ ಮೊದಲು ಬರೆದವರಿದ್ದಾರೆ ಅಂತಲೂ ಹೇಳಿದ್ದಾನೆ. ಇಷ್ಟು ನೇರವಾಗಿ ಹೇಳಿದ ಮಾತನ್ನು ನಾವು ಯಾಕೆ ಓದಿ ಹಾಗೇ ಮುಂದೆ ಹೋಗುತ್ತೇವೋ ನನಗೆ ಗೊತ್ತಿಲ್ಲ.

ಯೇಸುಸ್ವಾಮಿ ಶಿಲುಬೆಗೇರಿದ್ದು ಸುಮಾರು 30ರಲ್ಲಿ. ಹೆಚ್ಚಿನ ವಿದ್ವಾಂಸರ ಪ್ರಕಾರ ಮೊದಲು ಬಂದದ್ದು ಮಾರ್ಕನ ಸುವಾರ್ತೆ, ಸುಮಾರು 70ರ ಹೊತ್ತಿಗೆ. ಮತ್ತಾಯ, ಲೂಕ ಅದಾದ ಹತ್ತಿಪ್ಪತ್ತು ವರ್ಷಕ್ಕೆ. ಯೋಹಾನ ಶತಮಾನದ ಕೊನೆಗೆ. ಶಿಲುಬೆಗೂ ಮಾರ್ಕನಿಗೂ ನಡುವೆ ನಲವತ್ತು ವರ್ಷ. ಅಷ್ಟು ದಿನ ಸುಮ್ನೆ ಕೂತಿದ್ದರಾ? ಇಲ್ಲ. ಹೇಳುತ್ತಿದ್ದರು. ಮನೆಗಳಲ್ಲಿ ಸೇರುತ್ತಿದ್ದರು, ರೊಟ್ಟಿ ಮುರಿಯುತ್ತಿದ್ದರು, ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. 50ರ ದಶಕದಲ್ಲಿ, ಯೇಸುವನ್ನು ಸಾರುತ್ತಾ ತಿರುಗಿದ ಪೌಲ ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಇದು ಕಾಣುತ್ತದೆ. ನನಗೆ ಸಿಕ್ಕಿದ್ದನ್ನೇ ನಿಮಗೆ ಒಪ್ಪಿಸಿದೆ ಅಂತ ಹೇಳಿ, ಕ್ರಿಸ್ತ ಸತ್ತದ್ದು, ಹೂಣಲ್ಪಟ್ಟದ್ದು, ಮೂರನೇ ದಿನ ಎದ್ದದ್ದು, ಕೇಫನಿಗೆ, ಅಂದರೆ ಶಿಷ್ಯ ಪೇತ್ರನಿಗೆ, ಕಾಣಿಸಿಕೊಂಡದ್ದು ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಬಾಯಿಪಾಠಕ್ಕೆ ಹೇಳಿ ಮಾಡಿಸಿದ ಸಾಲುಗಳವು. ಓದು ಬರಹ ಬಲ್ಲವರು ತೀರಾ ಕಡಿಮೆ ಇದ್ದ ಕಾಲ. ಪೌಲನೇ ರೋಮಾಪುರದವರ ಪತ್ರವನ್ನು ಹೇಳಿ ಬರೆಸಿದ್ದು, ಬರೆದುಕೊಂಡವನು ತೆರ್ತ್ಯ. ಅವನು ಕೊನೆಯಲ್ಲಿ ತನ್ನದೂ ಒಂದು ವಂದನೆ ಸೇರಿಸಿದ್ದಾನೆ. ಜೊತೆಗೆ, ಸ್ವಾಮಿ ಬೇಗನೇ ಮರಳಿ ಬರುತ್ತಾನೆ ಅಂತ ಕಾಯುತ್ತಿದ್ದವರಿಗೆ ಮುಂದಿನ ತಲೆಮಾರಿಗಾಗಿ ಪುಸ್ತಕ ಬರೆದಿಡುವ ಅವಸರ ಎಲ್ಲಿಂದ ಬರಬೇಕು?

ಆಮೇಲೆ ಕಂಡವರು ಒಬ್ಬೊಬ್ಬರಾಗಿ ಹೋದರು. ಜೆಬೆದಾಯನ ಮಗ, ಶಿಷ್ಯ ಯಾಕೋಬನನ್ನು ಅರಸ ಹೆರೋದ ಅಗ್ರಿಪ್ಪ ಕತ್ತಿಯಿಂದ ಕೊಲ್ಲಿಸಿದ. ಸ್ವಾಮಿಯ ತಮ್ಮ ಯಾಕೋಬ 62ರಲ್ಲಿ ಯೆರೂಸಲೇಮಿನಲ್ಲಿ ಸತ್ತ. ಪೇತ್ರ, ಪೌಲ ಇಬ್ಬರೂ ನೀರೋ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ಹತರಾದರು ಅನ್ನೋದು ಸಭೆಯ ಹಳೆಯ ನೆನಪು. 70ರಲ್ಲಿ ರೋಮಿನ ಸೈನ್ಯ ಯೆರೂಸಲೇಮನ್ನು ಹಾಳುಮಾಡಿತು, ದೇವಾಲಯ ಸುಟ್ಟುಹೋಯಿತು. ಇಂಥ ಹೊತ್ತಿನಲ್ಲಿ ಯಾರೋ ಒಬ್ಬ ಕೂತು ಬರೆದ. ಗಲಿಲಾಯದ ಜನ ಆಡುತ್ತಿದ್ದ ಅರಾಮಿಕ್‌ನಲ್ಲಿ ಬರೆಯಲಿಲ್ಲ, ದೂರದ ಊರುಗಳ ಸಭೆಗಳಿಗೂ ತಿಳಿಯಲಿ ಅಂತ ಗ್ರೀಕ್‌ನಲ್ಲಿ ಬರೆದ. ತನ್ನ ಹೆಸರನ್ನು ಎಲ್ಲೂ ಹಾಕಲಿಲ್ಲ. ಅವನು ಮಾರ್ಕ, ಪೇತ್ರನ ದುಭಾಷಿ ಅಂತ ಹೇಳಿದ್ದು ಎರಡನೇ ಶತಮಾನದ ಶುರುವಿನಲ್ಲಿ ಹಿಯೆರಾಪೊಲಿಸ್‌ನ ಬಿಷಪ್ ಪಾಪಿಯಸ್. ಪೇತ್ರ ಹೇಳಿದ್ದನ್ನು ನೆನಪಿದ್ದಷ್ಟು ಸರಿಯಾಗಿ ಬರೆದ, ಆದರೆ ನಡೆದ ಕ್ರಮದಲ್ಲಿ ಬರೆಯಲಿಲ್ಲ ಅಂತ ಅವನ ಮಾತು. ಇದೇ ಪಾಪಿಯಸ್‌ಗೆ ಪುಸ್ತಕಕ್ಕಿಂತ ಬದುಕಿರುವವರ ಬಾಯಿಮಾತಿನ ಮೇಲೆ ನಂಬಿಕೆ ಜಾಸ್ತಿ ಇತ್ತು.

ಮಾರ್ಕನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಚನ ಇದೆ, 15ನೇ ಅಧ್ಯಾಯದ 21ನೆಯದು. ಹೊಲದಿಂದ ಬರುತ್ತಿದ್ದ ಕುರೇನೆಯ ಸೀಮೋನನನ್ನು ಹಿಡಿದು ಶಿಲುಬೆ ಹೊರಿಸುತ್ತಾರೆ. ಅವನು ಅಲೆಕ್ಸಾಂದ್ರ ಮತ್ತು ರೂಫ ಇವರ ತಂದೆ ಅಂತ ಮಾರ್ಕ ಸೇರಿಸುತ್ತಾನೆ. ಈ ಹುಡುಗರು ಅವನ ಸುವಾರ್ತೆಯಲ್ಲಿ ಮತ್ತೆಲ್ಲೂ ಬರುವುದಿಲ್ಲ. ಹಾಗಾದರೆ ಹೆಸರು ಯಾಕೆ? ನಮ್ಮ ಊರುಗಳಲ್ಲಿ ಸತ್ತುಹೋದ ಹಿರಿಯರೊಬ್ಬರನ್ನು ಗುರುತು ಹೇಳುವಾಗ ‘ನಮ್ಮ ಅಂಗಡಿ ರಾಜಣ್ಣ ಇದಾನಲ್ಲ, ಅವರಪ್ಪ’ ಅನ್ನುತ್ತೇವಲ್ಲ, ಹಾಗೆ. ಮಾರ್ಕನ ಮಾತು ಕೇಳುತ್ತಿದ್ದವರಿಗೆ ಅಲೆಕ್ಸಾಂದ್ರ, ರೂಫ ಗೊತ್ತಿದ್ದವರು. ಪ್ರಾಯಶಃ ಅದೇ ಸಭೆಯಲ್ಲಿ ಅವರ ಪಕ್ಕದಲ್ಲೇ ಕೂರುತ್ತಿದ್ದವರು. ಮತ್ತಾಯ, ಲೂಕ ಇದೇ ಘಟನೆ ಬರೆಯುವಾಗ ಸೀಮೋನನನ್ನು ಉಳಿಸಿಕೊಂಡು ಮಕ್ಕಳ ಹೆಸರು ಬಿಟ್ಟಿದ್ದಾರೆ. ಅವರ ಓದುಗರಿಗೆ ಆ ಹೆಸರುಗಳಿಂದ ಏನೂ ಗುರುತು ಸಿಗುತ್ತಿರಲಿಲ್ಲ. ಈ ಒಂದು ವಚನ ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅಪ್ಪ ಮನೆಯಲ್ಲಿ ಹೇಳಿದ್ದನ್ನು ಮಕ್ಕಳು ಸಭೆಯಲ್ಲಿ ಹೇಳಿರಬೇಕು, ಅಲ್ವಾ?

ಮತ್ತಾಯನ ಸುವಾರ್ತೆಯೊಳಗೆ ಮಾರ್ಕನದು ಹತ್ತರಲ್ಲಿ ಒಂಬತ್ತು ಪಾಲು ಸೇರಿಕೊಂಡಿದೆ. ಎಷ್ಟೋ ಕಡೆ ಪದಕ್ಕೆ ಪದ ಒಂದೇ. ಮಾರ್ಕನ ಪುಸ್ತಕ ಎದುರಿಗೆ ಇಟ್ಟುಕೊಂಡೇ ಬರೆದಿದ್ದಾನೆ ಅನ್ನೋದರಲ್ಲಿ ನನಗೆ ಸಂಶಯವಿಲ್ಲ. ಮಾರ್ಕನಲ್ಲಿಲ್ಲದ ಎಷ್ಟೋ ಬೋಧನೆಗಳು ಮತ್ತಾಯ, ಲೂಕ ಇಬ್ಬರಲ್ಲೂ ಇವೆ. ಅದಕ್ಕೆ ಇನ್ನೊಂದು ಮೂಲ ಇತ್ತು ಅಂತ ಬಹಳ ಜನ ಭಾವಿಸುತ್ತಾರೆ, ಆ ವಾದ ಇನ್ನೂ ಮುಗಿದಿಲ್ಲ. ನನಗೆ ಅದಕ್ಕಿಂತ ಮುಖ್ಯ ಅನಿಸೋದು ಮತ್ತಾಯ ತಿದ್ದಿದ ಜಾಗಗಳು. ಮಾರ್ಕ 10ರಲ್ಲಿ ಯಾಕೋಬ, ಯೋಹಾನ ಅನ್ನುವ ಇಬ್ಬರು ಶಿಷ್ಯರೇ ಬಂದು, ನಿನ್ನ ಎಡಬಲದಲ್ಲಿ ನಮಗೆ ಜಾಗ ಕೊಡು ಅಂತ ಕೇಳುತ್ತಾರೆ. ಮತ್ತಾಯ 20ರಲ್ಲಿ ಕೇಳುವವಳು ಅವರ ತಾಯಿ. ಅಪೊಸ್ತಲರು, ಅಂದರೆ ಯೇಸುಸ್ವಾಮಿಯ ಆಪ್ತ ಶಿಷ್ಯರು, ಹೀಗೆ ಕೇಳಿದರು ಅಂತ ಬರೆಯಲು ಮನಸ್ಸು ಒಪ್ಪಲಿಲ್ಲವೇನೋ. ಆದರೆ ಉತ್ತರ ನೋಡಿ. ಕೇಳಿದ್ದು ತಾಯಿ. ಯೇಸುಸ್ವಾಮಿ ನೀವು ಏನು ಕೇಳುತ್ತಿದ್ದೀರೋ ನಿಮಗೆ ಗೊತ್ತಿಲ್ಲ ಅನ್ನೋದು, ನನ್ನ ಕಷ್ಟದ ಪಾತ್ರೆಯಲ್ಲಿ ಕುಡಿಯಬಲ್ಲಿರಾ ಅಂತ ಕೇಳೋದು ಮಕ್ಕಳನ್ನು. ಹಳೆಯ ಮಾತುಕತೆ ಹಾಗೇ ಉಳಿದಿದೆ. ಇದನ್ನು ತಪ್ಪು ಅಂತ ಮುಚ್ಚಿಡಬೇಕಾ? ನನಗಂತೂ ಅಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ತನ್ನ ಹಿರಿಯರ ಮೇಲೆ ಗೌರವ ಇಟ್ಟುಕೊಂಡು, ಕೈಗೆ ಬಂದ ನೆನಪನ್ನು ಪೂರ್ತಿ ಅಳಿಸಲೂ ಮನಸ್ಸಿಲ್ಲದೆ ಬರೆದವನು.

ಇನ್ನು ಮಾರ್ಕನ ಕೊನೆ. ನಾಲ್ಕನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳು ನಮಗೆ ಉಳಿದಿವೆ. ಸೀನಾಯಿ ಬೆಟ್ಟದ ಮಠದಲ್ಲಿ ಸಿಕ್ಕಿದ್ದರ ಹೆಚ್ಚಿನ ಭಾಗ ಈಗ ಲಂಡನ್ನಿನಲ್ಲಿದೆ, ಇನ್ನೊಂದು ವ್ಯಾಟಿಕನ್‌ನಲ್ಲಿದೆ. ಎರಡರಲ್ಲೂ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ಹೆಂಗಸರು ಸಮಾಧಿಯಿಂದ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ, ಯಾಕಂದರೆ ಅವರಿಗೆ ಭಯವಾಗಿತ್ತು. ಅಷ್ಟೇ. ನಾವು ಓದುವ 9ರಿಂದ 20ರವರೆಗಿನ ವಚನಗಳನ್ನು ಆಮೇಲೆ ಯಾರೋ ಸೇರಿಸಿದ್ದು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆಯೂ ಹೀಗೇ, ಯೋಹಾನನ ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಎಷ್ಟೋ ಸತ್ಯವೇದಗಳ (ಬೈಬಲ್‌ಗಳ) ಅಡಿಟಿಪ್ಪಣಿಯಲ್ಲಿ ಇದನ್ನು ಹೇಳಿರುತ್ತಾರೆ. ಸಣ್ಣ ಅಕ್ಷರ, ಯಾರೂ ಓದುವುದಿಲ್ಲ. ಪ್ರಸಂಗದಲ್ಲೂ ಬರುವುದಿಲ್ಲ.

ಹೀಗೆಲ್ಲ ಹೇಳಿದರೆ ಜನರ ನಂಬಿಕೆ ಅಲ್ಲಾಡುತ್ತದೆ ಅಂತ ಹಿರಿಯರು ಹೆದರುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಾವು ಹೇಳದಿದ್ದರೆ ಮಕ್ಕಳು ಇದನ್ನು ಯಾವುದೋ ಯೂಟ್ಯೂಬ್ ವಿಡಿಯೊದಲ್ಲಿ, ‘ಚರ್ಚ್ ಬಚ್ಚಿಟ್ಟ ರಹಸ್ಯ’ ಅನ್ನುವ ಹೆಸರಿನಲ್ಲಿ ಕೇಳುತ್ತಾರೆ. ಆಗ ಅಲ್ಲಾಡುವುದು ಸುವಾರ್ತೆಯ ಮೇಲಿನ ನಂಬಿಕೆ ಮಾತ್ರ ಅಲ್ಲ, ನಮ್ಮ ಮೇಲಿನ ನಂಬಿಕೆಯೂ ಹೌದು. ನನ್ನ ಮಟ್ಟಿಗೆ ಹೇಳುವುದಾದರೆ, ಆಕಾಶದಿಂದ ಸಿದ್ಧವಾಗಿ ಬಿದ್ದ ಪುಸ್ತಕಕ್ಕಿಂತ, ರೂಫನ ಅಪ್ಪನನ್ನು ನೆನಪಿಟ್ಟುಕೊಂಡ ಜನರ ಪುಸ್ತಕ ನನಗೆ ಹತ್ತಿರದ್ದು. ದೇವರು ಇಂಥವರ ಕೈಯಿಂದಲೇ ಬರೆಸಿದ ಅಂತ ನಾನು ನಂಬುತ್ತೇನೆ.

ಇದಕ್ಕೆ ಪಾದ್ರಿಗಳು ಓದುವ ಸೆಮಿನರಿಗೇ ಹೋಗಬೇಕಾಗಿಲ್ಲ. ದೃಢೀಕರಣಕ್ಕೆ (ಕನ್ಫರ್ಮೇಶನ್‌ಗೆ) ತಯಾರಾಗುವ ಮಕ್ಕಳ ತರಗತಿಯಲ್ಲಿ ಒಂದು ಭಾನುವಾರ ಕೊಟ್ಟರೆ ಸಾಕು. ಮಾರ್ಕ 10 ಮತ್ತು ಮತ್ತಾಯ 20 ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಿ. ವ್ಯತ್ಯಾಸ ಎಲ್ಲಿದೆ ಅಂತ ಅವರೇ ಹುಡುಕಲಿ. ಯಾಕಿರಬಹುದು ಅಂತ ಅವರೇ ಮಾತಾಡಲಿ. ಲೂಕನ ಮೊದಲ ನಾಲ್ಕು ವಚನವನ್ನು ಅವತ್ತೇ ಓದಿಸಿ. ನಿಮ್ಮ ಸಭೆಯಲ್ಲಿ ಇದನ್ನು ಈಗಾಗಲೇ ಯಾರಾದರೂ ಮಾಡುತ್ತಿದ್ದರೆ ದಯವಿಟ್ಟು ತಿಳಿಸಿ, ಬಂದು ಕೂತು ಕಲಿಯುವ ಆಸೆ ಇದೆ.