ತರಗೆಲೆಗೊಂದು ವಿಭಾಗ, ಮುಸುರೆಗೊಂದು ವಿಭಾಗ

ವಿಶ್ವವಿದ್ಯಾಲಯಕ್ಕೆ ‘ಅಂತರಶಿಸ್ತೀಯ ಸುಸ್ಥಿರತಾ ಅಧ್ಯಯನ ಕೇಂದ್ರ’ ಬಂದಿದೆ. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ, ಹತ್ತಿರದ್ದೇ ಇರಬಹುದು. ಉದ್ಘಾಟನೆಗೆ ಇಪ್ಪತ್ತು ಅಡಿಯ ಫ್ಲೆಕ್ಸ್ ಕಟ್ಟಿದ್ದರು. ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆಯಲ್ಲ ಎಂದು ಯಾರೋ ಗೊಣಗಿದ್ದಕ್ಕೆ, ‘ಅದು ಕಾನೂನು ವಿಭಾಗಕ್ಕೆ ಸೇರಿದ ವಿಷಯ’ ಎಂಬ ಉತ್ತರ ಬಂತು. ಅಂತರಶಿಸ್ತು ಎಂದರೇನೆಂದು ಅಲ್ಲಿಗೆ ಗೊತ್ತಾಗಬೇಕು: ಒಂದು ಶಿಸ್ತಿಗೂ ಇನ್ನೊಂದಕ್ಕೂ ಕಾಯ್ದುಕೊಳ್ಳಬೇಕಾದ ಅಂತರ.

ಈ ಅಂತರವನ್ನು ಟೇಪು ಹಿಡಿದು ಅಳೆಯಲೂಬಹುದು. ಹಾಸ್ಟೆಲ್ ಮೆಸ್ಸಿನ ಹಿತ್ತಲಿಂದ ಗ್ರಂಥಾಲಯದ ಮುಂದಿನ ಮಾವು, ಮಹಾಗನಿ ಸಾಲಿಗೆ ಇನ್ನೂರು ಮೀಟರ್. ಆ ತುದಿಯಲ್ಲಿ ಮುಸುರೆ, ಈ ತುದಿಯಲ್ಲಿ ತರಗೆಲೆ.

ಮುಸುರೆಯ ಲೆಕ್ಕ ಸುಲಭ. ಉಣ್ಣುವವರು ಸಾವಿರ ಮಂದಿ, ತಲೆಗೆ ನೂರು ಗ್ರಾಂ ಬಿಟ್ಟರೂ ದಿನಕ್ಕೆ ನೂರು ಕಿಲೋ ಅನ್ನ-ಸಾಂಬಾರು. ಅದರಲ್ಲಿ ಮುಕ್ಕಾಲು ಪಾಲು ನೀರು, ಉಳಿದದ್ದರಲ್ಲಿ ಸಾರಜನಕ ಜಾಸ್ತಿ. ಅದೊಂದನ್ನೇ ಗುಂಡಿಗೆ ಸುರಿದರೆ ಗಾಳಿಯಾಡದೆ ಮುದ್ದೆ ಕಟ್ಟುತ್ತದೆ, ಮೂರನೇ ದಿನಕ್ಕೆ ಕೊಳೆತ ಮೊಟ್ಟೆಯ ನಾತ. ತರಗೆಲೆ ಇದಕ್ಕೆ ತದ್ವಿರುದ್ಧ. ಇಂಗಾಲ ಬೇಕಾದಷ್ಟು, ಸಾರಜನಕಕ್ಕೆ ಬರ, ತೇವವಂತೂ ಇಲ್ಲವೇ ಇಲ್ಲ. ಅದೊಂದನ್ನೇ ಒಟ್ಟಿದರೆ ವರ್ಷ ಕಳೆದರೂ ಎಲೆ ಎಲೆಯಾಗಿಯೇ ಉಳಿದಿರುತ್ತದೆ. ಎರಡನ್ನೂ ಬೆರೆಸಿ ನೋಡಿ. ನೂರು ಕಿಲೋ ಮುಸುರೆಗೆ ಐವತ್ತು ಕಿಲೋ ತರಗೆಲೆ ಹಾಕಿದರೆ (ತೂಕದಲ್ಲಿ ಅರ್ಧ, ಗಾತ್ರದಲ್ಲಿ ಮೂರು-ನಾಲ್ಕು ಪಟ್ಟು) ಇಂಗಾಲ ಮತ್ತು ಸಾರಜನಕ ಕೊಳೆಯಲು ಹದವಾದ ಹೆಚ್ಚುಕಡಿಮೆ 30:1ಕ್ಕೆ ಬಂದು ನಿಲ್ಲುತ್ತವೆ, ತೇವ ಶೇಕಡಾ 50-55. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ಮೂರೂವರೆ ಅಡಿ ಎತ್ತರಕ್ಕೆ ಒಟ್ಟಿದರೆ ರಾಶಿಯೊಳಗೆ ಬಿಸಿ 55 ಡಿಗ್ರಿ ದಾಟುತ್ತದೆ. ವಾರಕ್ಕೊಮ್ಮೆ ಮಗುಚುತ್ತಿದ್ದರೆ ಮೂರು ತಿಂಗಳಲ್ಲಿ ಗೊಬ್ಬರ. ಊರ ತಿಪ್ಪೆ ಇದನ್ನು ಪಠ್ಯ ನಿರ್ಧರಿಸುವ ಯಾವ ಬೋರ್ಡ್ ಆಫ್ ಸ್ಟಡೀಸ್‌ನ ಅನುಮೋದನೆಯೂ ಇಲ್ಲದೆ ಮಾಡಿಕೊಂಡು ಬಂದಿದೆ. ಅದು ನಿಯಮಬಾಹಿರ.

ಏಕೆಂದರೆ ತರಗೆಲೆ ಎಸ್ಟೇಟ್ ಶಾಖೆಯ ಸ್ವತ್ತು. ಮುಸುರೆ ವಿದ್ಯಾರ್ಥಿ ಕ್ಷೇಮಪಾಲನಾ ಶಾಖೆಯದು. ತಳ್ಳುಗಾಡಿ ಸ್ಟೋರ್ಸಿನದು, ಗುಂಡಿ ತೆಗೆಯುವವರು ಎಂಜಿನಿಯರಿಂಗ್ ಶಾಖೆಯವರು. ಗುಂಡಿಯೊಳಗೆ ನಡೆಯುವ ಕ್ರಿಯೆ ಸೂಕ್ಷ್ಮಾಣುಜೀವಿ ವಿಭಾಗದ್ದೋ ರಸಾಯನ ವಿಭಾಗದ್ದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಒಂದು ಗಾಡಿ ಎಲೆ ಇನ್ನೂರು ಮೀಟರ್ ದಾಟಲು ಹೊರಟ ಕಡತ ‘ಪರಿಶೀಲಿಸಿ ಮಂಡಿಸಿ’ ಎಂಬ ಷರಾ ಹೊತ್ತು ಕೆಳಗಿಳಿಯಿತು, ‘ಚರ್ಚಿಸಿ’ ಎಂಬ ಷರಾಕ್ಕಾಗಿ ಮತ್ತೆ ಮೇಲೇರಿತು. ಎರಡೂ ಹಸಿರು ಶಾಯಿಯಲ್ಲಿ. ಹಸಿರು ಕ್ಯಾಂಪಸ್ ಯೋಜನೆಯ ಮೊದಲ ಹಂತ ಪೂರ್ಣಗೊಂಡಂತಾಯಿತು.

ಅಷ್ಟರಲ್ಲಿ ಮಾರ್ಚ್ ಬಂತು. ಅನುದಾನ ವಾಪಸ್ಸಾಗುವ ಭಯದಲ್ಲಿ ಕೇಂದ್ರ ಒಂದು ಯಂತ್ರ ಕೊಂಡಿತು. ಮುಸುರೆ ಹಾಕಿದರೆ ಹದಿನೈದೇ ನಿಮಿಷದಲ್ಲಿ ಗೊಬ್ಬರ, ಎಂದಿದ್ದರು ಮಾರಿದವರು. ಯಂತ್ರಕ್ಕೂ ಒಣ ಪದಾರ್ಥ ಬೇಕೇ ಬೇಕು. ತರಗೆಲೆ ಇದೆಯಲ್ಲ? ಇದೆ, ಆದರೆ ಪುಕ್ಕಟೆ. ಪುಕ್ಕಟೆ ವಸ್ತುವಿಗೆ ಬಿಲ್ಲಿಲ್ಲ, ಬಿಲ್ಲಿಲ್ಲದೆ ಅನುದಾನ ಖರ್ಚಾಯಿತೆಂಬ ಯುಟಿಲೈಸೇಷನ್ ಸರ್ಟಿಫಿಕೇಟ್ ಇಲ್ಲ. ಹಾಗಾಗಿ ಮೂರು ಕೊಟೇಶನ್ ಕರೆದು ನಲವತ್ತು ಕಿಲೋಮೀಟರ್ ದೂರದ ಸಾಮಿಲ್ಲಿನಿಂದ ಲಾರಿಯಲ್ಲಿ ಮರದ ಪುಡಿ ತರಿಸಲಾಯಿತು. ಲಾರಿ ಉರಿಸಿದ ಡೀಸೆಲ್ಲಿನ ಇಂಗಾಲ ಲೆಕ್ಕಕ್ಕಿಲ್ಲ, ಅದು ಬಜೆಟ್ಟಿನಲ್ಲಿ ಬೇರೆಯೇ, ಸಾರಿಗೆ ಶೀರ್ಷಿಕೆ.

ಯಂತ್ರದಿಂದ ಹೊರಬಂದದ್ದು ಗೊಬ್ಬರವಲ್ಲ, ಒಂಥರಾ ಬಿಸಿ ಉಪ್ಪಿಟ್ಟು. ಅದನ್ನು ಟ್ರೇಗಳಲ್ಲಿ ಹರಡಿ, ನೀರು ಚಿಮುಕಿಸಿ, ಎರಡು ಮೂರು ವಾರ ಕಳಿಯಲು ಬಿಡಬೇಕು. ಟ್ರೇ ಟೆಂಡರಿನಲ್ಲಿರಲಿಲ್ಲ. ಉಪ್ಪಿಟ್ಟನ್ನು ನೇರವಾಗಿ ಆಡಳಿತ ಭವನದ ಮುಂದಿನ ಗುಲಾಬಿಗೆ ಬಡಿಸಿದರು. ಮರದ ಪುಡಿಯಲ್ಲಿ ಸಾರಜನಕಕ್ಕಿಂತ ಇಂಗಾಲ ನೂರಾರು ಪಟ್ಟು. ಅದು ಕೊಳೆಯುವಾಗ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಹೀರುತ್ತವೆ. ಗಿಡ ಬುಡದಿಂದ ಹಳದಿಯಾಗುತ್ತಾ ಬಂತು. ಇದನ್ನು ಬಲ್ಲ ಸಸ್ಯಶಾಸ್ತ್ರದವರು ಎದುರಿನ ಕಟ್ಟಡದಲ್ಲೇ ಇದ್ದರು. ಅವರಿಗೆ ಯಾರೂ ಪತ್ರಮುಖೇನ ಕೇಳಿರಲಿಲ್ಲ.

2016ರ ಘನತ್ಯಾಜ್ಯ ನಿಯಮ ದಿನಕ್ಕೆ ನೂರು ಕಿಲೋ ಮೀರಿ ಕಸ ಹುಟ್ಟಿಸುವವರನ್ನೆಲ್ಲ ದೊಡ್ಡ ಉತ್ಪಾದಕರ ಪಟ್ಟಿಗೆ ಸೇರಿಸಿತು, ವಿಶ್ವವಿದ್ಯಾಲಯಗಳ ಹೆಸರನ್ನೂ ಅದರಲ್ಲಿ ಬರೆದಿತ್ತು. ಅಂಥವರು ಕಸವನ್ನು ಆದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು. ಅಂದಿನಿಂದ ಮೆಸ್ಸಿನ ರಿಜಿಸ್ಟರಿನಲ್ಲಿ ಪ್ರತಿದಿನವೂ 98 ಕಿಲೋ. ಗಣಿತ ವಿಭಾಗ ಕೂಡ ಯೋಜನೆಯಲ್ಲಿ ಪಾಲ್ಗೊಂಡಿದೆ ಎಂದು ವಾರ್ಷಿಕ ವರದಿ ಹೇಳುವುದು ಬಹುಶಃ ಇದಕ್ಕೇ ಇರಬೇಕು. ವಿಶ್ವವಿದ್ಯಾಲಯಗಳಿಗೆ ಶ್ರೇಣಿ ಕೊಡುವ ನ್ಯಾಕ್ ತಂಡಕ್ಕೆ ತೋರಿಸಲು ನರ್ಸರಿಯಿಂದ ಐದು ಚೀಲ ಗೊಬ್ಬರ ತಂದು ಗುಂಡಿಗೆ ಸುರಿದು ಜಿಯೋಟ್ಯಾಗ್ ಫೋಟೋ ತೆಗೆದಿಟ್ಟಿದ್ದಾರೆ. ಅಕ್ಷಾಂಶ, ರೇಖಾಂಶ ಎರಡೂ ಸರಿಯಾಗಿವೆ.

ಇನ್ನು ಕೇಂದ್ರದಲ್ಲಿ ಕಲಿತವರ ಗತಿ. ಕೆರೆಯ ಹೂಳು, ಕೆರೆ ಪಂಚಾಯಿತಿ, ಹೂಳಿನ ಗೊಬ್ಬರದ ಆರ್ಥಿಕತೆ ಮೂರನ್ನೂ ಸೇರಿಸಿ ಪಿಎಚ್‌.ಡಿ. ಮಾಡಿದ ಹುಡುಗಿಯೊಬ್ಬಳು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುತ್ತಾಳೆ ಎಂದಿಟ್ಟುಕೊಳ್ಳಿ. ಅಧಿಸೂಚನೆ ಕೇಳುವುದು ‘ಸಂಬಂಧಿತ ವಿಷಯ’ದ ಸ್ನಾತಕೋತ್ತರ ಪದವಿ. ಭೂವಿಜ್ಞಾನದವರು ಅವಳನ್ನು ಅರ್ಥಶಾಸ್ತ್ರಕ್ಕೆ ಕಳಿಸುತ್ತಾರೆ, ಅರ್ಥಶಾಸ್ತ್ರದವರು ಸಮಾಜಶಾಸ್ತ್ರಕ್ಕೆ, ಅವರು ಪರಿಸರ ವಿಜ್ಞಾನಕ್ಕೆ. ಪರಿಸರ ವಿಜ್ಞಾನದವರು ಎಂ.ಎಸ್ಸಿ. ಯಾವುದರಲ್ಲಿ ಎಂದು ಕೇಳಿ ವಾಪಸ್ಸು ಭೂವಿಜ್ಞಾನಕ್ಕೆ ಕಳಿಸುತ್ತಾರೆ. ಎಲ್ಲಕ್ಕೂ ಸಂಬಂಧಪಟ್ಟವಳು ಯಾವುದಕ್ಕೂ ಸಂಬಂಧಿಸಿದವಳಲ್ಲ. ಅಂತರಶಿಸ್ತೀಯ ಕೇಂದ್ರದಲ್ಲಾದರೂ ಕೆಲಸವಿದೆಯೇ ಎಂದರೆ, ಅಲ್ಲಿ ಹುದ್ದೆಗಳೇ ಮಂಜೂರಾಗಿಲ್ಲ. ನಿರ್ದೇಶಕರು ಹೆಚ್ಚುವರಿ ಪ್ರಭಾರದಲ್ಲಿದ್ದಾರೆ.

ಪಾಠದ ಕಥೆ ಹಳೆಯದು. ಪರಿಸರವನ್ನು ಕಡ್ಡಾಯವಾಗಿ ಕಲಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಯುಜಿಸಿ ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯಕ್ರಮ ತಂದದ್ದು 2003ರ ಸುಮಾರಿಗೆ: ಎಂಟು ಘಟಕ, 50 ಉಪನ್ಯಾಸ. ಮೊದಲ ಘಟಕದ ಹೆಸರೇ ಪರಿಸರ ಅಧ್ಯಯನದ ಬಹುಶಿಸ್ತೀಯ ಸ್ವರೂಪ. ಅದಕ್ಕೆ ಕೊಟ್ಟದ್ದು ಎರಡು ಉಪನ್ಯಾಸ. ಕೊನೆಯ ಘಟಕ ಕ್ಷೇತ್ರಕಾರ್ಯ, ಐದು ಉಪನ್ಯಾಸದಷ್ಟು ಸಮಯ, 25 ಅಂಕ. ಕ್ಷೇತ್ರಕಾರ್ಯದ ವರದಿಗಳು ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತವೆ, ಸ್ಪೈರಲ್ ಬೈಂಡಿಂಗ್ ಸಮೇತ. ಕಲಿಸುವವರು ಯಾರೆಂದು ನಿರ್ಧರಿಸುವುದು ವರ್ಕ್‌ಲೋಡ್. ಯಾರಿಗೆ ವಾರಕ್ಕೆ ಎರಡು ಗಂಟೆ ಕಡಿಮೆ ಬೀಳುತ್ತದೋ ಅವರೇ ಆ ಸೆಮಿಸ್ಟರಿನ ಪರಿಸರ ತಜ್ಞರು. ಒಮ್ಮೆ ವಾಣಿಜ್ಯದವರು, ಒಮ್ಮೆ ಇತಿಹಾಸದವರು. ವಿಶ್ವವಿದ್ಯಾಲಯದಲ್ಲಿ ಅಂತರಶಿಸ್ತು ಸರಾಗವಾಗಿ ನಡೆಯುವುದು ಇದೊಂದೇ ಕಡೆ.

ಸೆಮಿಸ್ಟರ್ ಪರೀಕ್ಷೆ ನಡೆಯುತ್ತಿದೆ. ನಾಲ್ಕನೇ ಪ್ರಶ್ನೆ: ‘ಕಾಂಪೋಸ್ಟ್ ತಯಾರಿಕೆಯಲ್ಲಿ ಇಂಗಾಲ-ಸಾರಜನಕ ಅನುಪಾತದ ಮಹತ್ವವನ್ನು ವಿವರಿಸಿ (5 ಅಂಕ).’ ಬಯಲಲ್ಲಿ ಕಸ ಸುಟ್ಟರೆ ಐದು ಸಾವಿರ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ ಇಪ್ಪತ್ತೈದು ಸಾವಿರ ದಂಡ ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. ಎಸ್ಟೇಟ್ ಶಾಖೆಯವರು ಗ್ರಂಥಾಲಯದ ಮುಂದೆ ಗುಡಿಸಿದ ಎಲೆಗೆ ಬೆಂಕಿ ಕೊಟ್ಟಿದ್ದಾರೆ. ಹೊಗೆ ಪರೀಕ್ಷಾ ಕೊಠಡಿಯೊಳಕ್ಕೆ ನುಗ್ಗಿತು. ಹಿಂದಿನ ಬೆಂಚಿನವನು ಕೆಮ್ಮಿದ. ಕೊಠಡಿ ಮೇಲ್ವಿಚಾರಕರು ಎದ್ದು ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿ, ನಾಲ್ಕೂ ಟ್ಯೂಬ್‌ಲೈಟ್ ಹಾಕಿ, ಬಂದು ಕೂತರು.